ದಯವಿಟ್ಟು ಮೈಕ್ ದಾಟಿಸಿ

ಮಾನ್ಯರೇ,

ರ‍್ಯಾಪ್ ಎಂದರೆ ಬರೀ ಬೈಗುಳ ಎಂದು ಮೂಗು ಮುರಿಯುವವರಿಗೆ ಲಾಸ್ ಏಂಜಲೀಸ್‌ನ 'ಗುಡ್ ಲೈಫ್' ಕೆಫೆಯ ಸಂಗತಿ ತಿಳಿದಂತಿಲ್ಲ. 1989ರ ಕೊನೆಯಲ್ಲಿ ಆ ಪುಟ್ಟ ಕೆಫೆಯಲ್ಲಿ ಪ್ರತಿ ಗುರುವಾರ ರಾತ್ರಿ ಮೈಕ್ ಎಲ್ಲರಿಗೂ ಮುಕ್ತವಾಯಿತು. ಕಟ್ಟುನಿಟ್ಟಿನ ಷರತ್ತು ಒಂದಿತ್ತು: ಹೊಲಸು ಮಾತು ಆಡುವಂತಿಲ್ಲ. ಹಾಡುವವನು ತಡವರಿಸಿದರೆ, ಹಳಸಲು ಪ್ರಾಸ ಹೊಸೆದರೆ ಸಭಿಕರು 'ದಯವಿಟ್ಟು ಮೈಕ್ ದಾಟಿಸಿ' ಎಂದು ಒಕ್ಕೊರಲಿನಿಂದ ಕೂಗಿ ಕೆಳಗಿಳಿಸುತ್ತಿದ್ದರು. ನಮ್ಮ ತಾಳಮದ್ದಲೆಯ ಸಭಿಕರಿಗೂ ಈ ಹಕ್ಕು ಇದ್ದಿದ್ದರೆ ಕೆಲವು ಅರ್ಥಧಾರಿಗಳು ಬೇಗ ಮನೆ ಸೇರುತ್ತಿದ್ದರು!

ಆ ಗರಡಿಯಲ್ಲಿ ಪಳಗಿದವರು ಮುಂದೆ ಅದೇ ನಗರದ ಲೈಮರ್ಟ್ ಪಾರ್ಕ್ ಬಡಾವಣೆಯಲ್ಲಿ ಬೆನ್ ಕಾಲ್ಡ್‌ವೆಲ್ ನಡೆಸುತ್ತಿದ್ದ ಕಲಾಕೇಂದ್ರದಲ್ಲಿ ಸೇರತೊಡಗಿದರು. 1994ರಲ್ಲಿ ಏಸಿಅಲೋನ್, ಅಬ್‌ಸ್ಟ್ರಾಕ್ಟ್ ರೂಡ್ ಮೊದಲಾದ ರ‍್ಯಾಪರ್‌ಗಳು ಕೂಡಿ 'ಪ್ರಾಜೆಕ್ಟ್ ಬ್ಲೋಡ್' ಎಂಬ ಆಲ್ಬಮ್ ತಂದರು. ಅದರಲ್ಲಿ ಒಬ್ಬನೇ ನಾಯಕನಿಲ್ಲ. ಹಾಡಿನಿಂದ ಹಾಡಿಗೆ ದನಿ ಬದಲಾಗುತ್ತದೆ. ಜಾಸ್ ಗಾಯಕರಂತೆ ಪದಗಳನ್ನು ತುಂಡರಿಸಿ ತಾಳದ ಮೇಲೆ ಓಡಿಸುವ ವೇಗ ಮೊದಲ ಸಲ ತಲೆ ತಿರುಗಿಸುತ್ತದೆ. ನನಗೆ ರುಚಿ ಹತ್ತಿದ್ದು ಮೂರನೇ ಸಲಕ್ಕೆ. ಧ್ವನಿಮುದ್ರಣವೇನೂ ನುಣುಪಾಗಿಲ್ಲ, ಆ ಒರಟುತನವೇ ನನಗೆ ಇಷ್ಟ. ಅಂದಹಾಗೆ, ಗುಡ್ ಲೈಫ್ ವೇದಿಕೆಯಲ್ಲಿ ರ‍್ಯಾಪ್ ಮಾಡುತ್ತಿದ್ದ ಅವಾ ಡುವರ್ನೇ ಇಂದು ಹೆಸರಾಂತ ಚಿತ್ರ ನಿರ್ದೇಶಕಿ.

ಪತ್ರಿಕೆಯ ಸಂಗೀತ ಅಂಕಣದಲ್ಲಿ ಸಿನಿಮಾ ಹಾಡುಗಳದ್ದೇ ಕಾರುಬಾರು. ತಿಂಗಳಿಗೊಮ್ಮೆಯಾದರೂ ಇಂಥ ಆಲ್ಬಮ್‌ಗಳನ್ನು ಪರಿಚಯಿಸುವಿರಾ?

– ಓದುಗ, ಶಿರಸಿ