ಮೂತಿಯ ಚಿತ್ರಕ್ಕೂ ಒಂದು ತಾರೀಖಿದೆ

ಮಾನ್ಯ ಸಂಪಾದಕರೇ,

ಮಾದರಿ ಯುದ್ಧವಿಮಾನ ಕಟ್ಟುವ ಹವ್ಯಾಸದ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನ ಹೊಸಬರಿಗೆ ಖಂಡಿತ ಹುರುಪು ಕೊಡುತ್ತದೆ. ಆದರೆ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಅಚ್ಚುಚಿತ್ರ) ಹಾಳೆಯಲ್ಲಿ ಚೆಂದ ಕಂಡ ಚಿತ್ರವನ್ನು ವಿಮಾನದ ಮೂತಿಗೆ ಅಂಟಿಸಿದರಾಯಿತು ಎಂಬ ಸಲಹೆಯನ್ನು ಒಪ್ಪಲಾಗದು. ಹವ್ಯಾಸಿಗಳು ನೋಸ್ ಆರ್ಟ್ ಎನ್ನುವ ಆ ಚಿತ್ರ ಯಾವುದೋ ಒಂದು ವಿಮಾನದ್ದು, ಅದರ ಆಯುಸ್ಸಿನ ಯಾವುದೋ ಕೆಲವು ತಿಂಗಳಿನದ್ದು. ಮೊದಲು ವಿಮಾನ ಮತ್ತು ತಾರೀಖು ಗೊತ್ತುಮಾಡಿಕೊಳ್ಳಬೇಕು, ಚಿತ್ರ ಆಮೇಲೆ.

1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಾಂಬ್ ಹಾಕಿದ ಅಮೆರಿಕದ ಬಿ-29 ಬಾಂಬರ್, 'ಬಾಕ್ಸ್‌ಕಾರ್', ಈಗ ಡೇಟನ್‌ನಲ್ಲಿರುವ ಅಮೆರಿಕ ವಾಯುಪಡೆಯ ಮ್ಯೂಸಿಯಂನಲ್ಲಿದೆ. ಅದರ ಮೂತಿಯ ಮೇಲೆ ರೆಕ್ಕೆ ಮೂಡಿದ ರೈಲು ಡಬ್ಬಿಯ ಚಿತ್ರವಿದೆ, ಚಿತ್ರದೊಳಗೇ ನಾಗಸಾಕಿಯ ಹೆಸರೂ ಇದೆ. ಆ ಬೆಳಿಗ್ಗೆ ವಿಮಾನ ಹೊರಟದ್ದು ಕೊಕುರಾ ನಗರವನ್ನು ಗುರಿಯಾಗಿಟ್ಟುಕೊಂಡು. ಅಂದಮೇಲೆ ನಾಗಸಾಕಿಯ ಹೆಸರು ಮೊದಲೇ ಬರೆದಿರಲು ಹೇಗೆ ಸಾಧ್ಯ? ಚಿತ್ರ ಬರೆದದ್ದು ದಾಳಿಯ ನಂತರ. ಆಗಸ್ಟ್ 9ರ ಬಾಕ್ಸ್‌ಕಾರ್ ಕಟ್ಟುವವರು ಮೂತಿಯನ್ನು ಖಾಲಿ ಬಿಟ್ಟು, ಬಾಲದ ಮೇಲೆ ತ್ರಿಕೋನದೊಳಗಿನ 'ಎನ್' ಅಕ್ಷರ ಹಾಕಬೇಕು. ಹಿರೋಶಿಮಾ ಮೇಲೆ ಬಾಂಬ್ ಹಾಕಿದ 'ಎನೋಲಾ ಗೇ' ವಿಷಯ ಬೇರೆ. ಆ ಹೆಸರನ್ನು ದಾಳಿಯ ಹಿಂದಿನ ದಿನ, ಆಗಸ್ಟ್ 5ರಂದು ಬರೆಯಲಾಯಿತು. ಅದಕ್ಕೂ ಮುಂಚಿನ ಹಾರಾಟದ ಮಾದರಿಯಾದರೆ ಅಲ್ಲಿಯೂ ಹೆಸರು ಇರಕೂಡದು.

ಅಮೆರಿಕದ ವಿಮಾನಗಳಲ್ಲಿ ಕಾಲ ಹಿಡಿಯಲು ನಕ್ಷತ್ರದ ಗುರುತೇ ಎಲ್ಲಕ್ಕಿಂತ ಸುಲಭದ ದಾರಿ. 1942ರ ಮೇ ತನಕ ನಕ್ಷತ್ರದ ನಡುವೆ ಕೆಂಪು ಬೊಟ್ಟು ಇತ್ತು, ಆಮೇಲೆ ತೆಗೆದರು. 1943ರ ಜೂನ್ ಕೊನೆಗೆ ಎರಡೂ ಪಕ್ಕದಲ್ಲಿ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು ಬಂತು. ಕೆಲವೇ ತಿಂಗಳಲ್ಲಿ ಆ ಅಂಚು ನೀಲಿಯಾಯಿತು. ಅಮೆರಿಕದ ಬಾಂಬರ್ 'ಮೆಂಫಿಸ್ ಬೆಲ್' 25 ದಾಳಿ ಮುಗಿಸಿದ್ದು 1943ರ ಮೇನಲ್ಲಿ, ಹಾಗಾಗಿ ಅದರ ನಕ್ಷತ್ರಕ್ಕೆ ಪಟ್ಟಿ ಇಲ್ಲ. ಅದು ಬಿ-17 ಬಾಂಬರಿನ ಎಫ್ ಆವೃತ್ತಿ, ಅಂದರೆ ಬಿ-17ಎಫ್. ಗದ್ದದ ಕೆಳಗೆ ಗನ್ ಗೋಪುರವಿರುವ ಬಿ-17ಜಿ ಕಿಟ್ ತಂದರೆ ಯಾವ ಡೆಕಾಲ್ ಹಾಕಿದರೂ ಅದು ಬೆಲ್ ಆಗದು. ಬೆಲ್‌ನ ಮೂತಿಯ ಎಡಬದಿಯಲ್ಲಿ ಬರೆದ ಹುಡುಗಿಗೆ ನೀಲಿ ಉಡುಪು, ಬಲಬದಿಯವಳಿಗೆ ಕೆಂಪು. ದಾಳಿಗೊಂದರಂತೆ ಬಾಂಬಿನ ಗುರುತು ಏರುತ್ತ ಹೋಗುವುದರಿಂದ, ಕಟ್ಟುವ ದಿನಕ್ಕೆ ಎಷ್ಟು ಗುರುತು ಆಗಿರಬೇಕೋ ಅಷ್ಟನ್ನೇ ಎಣಿಸಿ ಹಾಕಬೇಕು. ಬಾಲದ ಸಂಖ್ಯೆಯಲ್ಲೂ ಹಲವರು ಎಡವುತ್ತಾರೆ. ಸೀರಿಯಲ್ ಸಂಖ್ಯೆಯ ಆರಂಭದಲ್ಲಿರುವ ವರ್ಷದ ಮೊದಲ ಅಂಕಿಯನ್ನು ಬಿಟ್ಟು ಬರೆಯುವುದು ಅಲ್ಲಿನ ಪದ್ಧತಿ. ಬೆಲ್‌ನ ಸೀರಿಯಲ್ 41-24485, ಬಾಲದ ಮೇಲೆ 124485.

ಮ್ಯೂಸಿಯಂನಲ್ಲಿರುವುದೆಲ್ಲ ಯುದ್ಧಕಾಲದ ರೂಪವೇ ಎಂದೂ ನಂಬುವ ಹಾಗಿಲ್ಲ. 'ಶೂ ಶೂ ಶೂ ಬೇಬಿ' ಎಂಬ ಬಿ-17ಜಿ ಸೇವೆಯಲ್ಲಿದ್ದಾಗ ಬಣ್ಣವಿಲ್ಲದ ಬರೀ ಲೋಹದ ಮೈಯಲ್ಲಿತ್ತು. ದುರಸ್ತಿಯಲ್ಲಿ ಹೊಸ ತಗಡು ಬಹಳ ಹಾಕಬೇಕಾಗಿ ಬಂದದ್ದರಿಂದ ಅದನ್ನು ಮುಚ್ಚಲು ಆಲಿವ್ ಹಸಿರು ಬಳಿದರು. ಮೂರನೆಯ 'ಶೂ' ಕೂಡ ನಂತರ ಸೇರಿದ್ದು. ಮ್ಯೂಸಿಯಂ ಫೋಟೊ ನೋಡಿ ಬಣ್ಣ ಬಳಿದವರ ಶ್ರಮವೆಲ್ಲ ವ್ಯರ್ಥವಾಗುವುದು ನಿಜಕ್ಕೂ ಬೇಸರದ ಸಂಗತಿ.

ಯುದ್ಧಕಾಲದ ಕಪ್ಪುಬಿಳುಪು ಫೋಟೊ ಒಳ್ಳೆಯ ಸಾಕ್ಷಿ, ಆದರೆ ಓದಲು ಬರಬೇಕು. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿ, ಹಳದಿ ಗಾಢವಾಗಿ, ನೀಲಿ ತಿಳಿಯಾಗಿ ಬೀಳುತ್ತದೆ. ಅದೇ ಫೋಟೊದಲ್ಲಿ ಬ್ರಿಟಿಷ್ ವೃತ್ತದ ಗುರುತು ಇದ್ದರೆ ಅದರ ಹೊರಗಿನ ಹಳದಿ ಬಳೆಯನ್ನು ನೋಡಿ. ಅದು ಕಪ್ಪಗಿದ್ದರೆ ಮೂತಿಯ ಮೇಲಿನ 'ಕಪ್ಪು' ಅಕ್ಷರ ಕೆಂಪೋ ಹಳದಿಯೋ ಇರಬಹುದು. ಫೋಟೊ ಕನ್ನಡಿಯಂತೆ ತಿರುಗಿ ಅಚ್ಚಾಗಿರುವುದೂ ಉಂಟು. ಮೆಸ್ಸರ್‌ಶ್ಮಿಟ್ 109 ಎಂಬ ಜರ್ಮನ್ ಯುದ್ಧವಿಮಾನದಲ್ಲಿ ಎಂಜಿನ್ನಿನ ಸೂಪರ್‌ಚಾರ್ಜರ್ ಗಾಳಿ ಎಳೆಯುವ ಬಾಯಿ ಎಡಬದಿಗಿರುತ್ತದೆ. ಬಲಕ್ಕೆ ಕಂಡರೆ ಫೋಟೊ ತಿರುಗಿದೆ ಎಂದೇ ಅರ್ಥ.

ಅಳತೆಗೆ ಕಿಟಕಿಯನ್ನೋ ತಗಡಿನ ಜೋಡುಗೆರೆಯನ್ನೋ ಆಧಾರವಾಗಿಡಿ. ಫೋಟೊದಲ್ಲಿ ಚಿತ್ರ ಪಕ್ಕದ ಕಿಟಕಿಯ ಒಂದೂವರೆ ಪಟ್ಟು ಎತ್ತರವಿದ್ದು, ಮಾದರಿಯ ಕಿಟಕಿ 8 ಮಿ.ಮೀ. ಇದ್ದರೆ ಡೆಕಾಲ್ 12 ಮಿ.ಮೀ. ಇರಬೇಕು. ನಿಜವಾದ ಅಳತೆ ಗೊತ್ತಿದ್ದರೆ ಇನ್ನೂ ಸುಲಭ. 90 ಸೆ.ಮೀ. ಚಿತ್ರ 1/72 ಅಳತೆಯ ಮಾದರಿಯಲ್ಲಿ 12.5 ಮಿ.ಮೀ., 1/48ರಲ್ಲಿ 18.75 ಮಿ.ಮೀ.

ಅಮೆರಿಕದ ಯುದ್ಧವಿಮಾನ ಪಿ-40ರ ಮೂತಿಗೆ ಬಳಿದ ಶಾರ್ಕ್ ಬಾಯಿ ಮಾತ್ರ ಪ್ರತ್ಯೇಕ ಪಾಠ. ಚೀನಾದಲ್ಲಿ ಹೋರಾಡಿದ 'ಫ್ಲೈಯಿಂಗ್ ಟೈಗರ್ಸ್' ಪಡೆಯವರು ಅದನ್ನು ಕೈಯಲ್ಲೇ ಗೆರೆ ಹಾಕಿ ಬಳಿದದ್ದರಿಂದ ಹಲ್ಲಿನ ಸಾಲು, ಕಣ್ಣಿನ ಜಾಗ ಒಂದೊಂದು ವಿಮಾನದಲ್ಲೂ ಬೇರೆ. ಒಂದೇ ಡೆಕಾಲ್ ಎಲ್ಲಕ್ಕೂ ಹೊಂದದು. ಮೇಲಾಗಿ ಗದ್ದದ ಗಾಳಿಬಾಯಿ ಎರಡು ದಿಕ್ಕಿಗೂ ಬಾಗಿರುವುದರಿಂದ ಇಡೀ ಡೆಕಾಲ್ ಹಾಕಿದರೆ ಅಂಚಿನಲ್ಲಿ ನೆರಿಗೆ ಏಳುತ್ತದೆ. ಹಲ್ಲಿನ ಸಂದಿಯಲ್ಲಿ ಬ್ಲೇಡಿನಿಂದ ಸೀಳಿ, ತುಂಡು ತುಂಡಾಗಿ ಕೂರಿಸಿ, ಉಳಿದ ಬಿರುಕಿಗೆ ಅದೇ ಕೆಂಪು ಬಣ್ಣ ಮುಟ್ಟಿಸುವುದು ಲೇಸು.

ಅಂಟಿಸುವಾಗ ಹೆಚ್ಚಿನವರ ಕೆಲಸ ಕೆಡುವುದು ಹೊಳಪಿಲ್ಲದ (ಮ್ಯಾಟ್) ಬಣ್ಣದ ಮೇಲೆ ನೇರವಾಗಿ ಡೆಕಾಲ್ ಹಾಕುವುದರಿಂದ. ತರಿತರಿ ಮೈಯಲ್ಲಿ ಗಾಳಿ ಸಿಕ್ಕಿಕೊಂಡು ಪಾರದರ್ಶಕ ಅಂಚು ಬೆಳ್ಳಿಯಂತೆ ಹೊಳೆಯುತ್ತದೆ. ಮೊದಲು ಹೊಳಪಿನ ಪಾರದರ್ಶಕ ಲೇಪ (ಗ್ಲಾಸ್ ಕ್ಲಿಯರ್) ಹೊಡೆದು ಚೆನ್ನಾಗಿ ಒಣಗಿಸಿ. ಡೆಕಾಲನ್ನು ಉಗುರುಬೆಚ್ಚನೆಯ ನೀರಿನಲ್ಲಿ 15–20 ಸೆಕೆಂಡು ಅದ್ದಿ, ಹೊರಗೆ ಒಂದು ನಿಮಿಷ ಬಿಟ್ಟು, ತಾನಾಗಿ ಸಡಿಲವಾದ ಮೇಲೆ ಜಾರಿಸಿ. ಕೆಳಗೆ ಡೆಕಾಲ್ ಕೂರಿಸುವ ದ್ರವ ಮೈಕ್ರೊ ಸೆಟ್, ಕೂತ ಮೇಲೆ ಮೇಲಿನಿಂದ ಅದನ್ನು ಮೆತ್ತಗಾಗಿಸುವ ದ್ರವ ಮೈಕ್ರೊ ಸಾಲ್. ಸಾಲ್ ಬಿದ್ದೊಡನೆ ಡೆಕಾಲ್ ಸುಕ್ಕುಗಟ್ಟಿ ಗಾಬರಿ ಹುಟ್ಟಿಸುತ್ತದೆ. ಆಗ ಬೆರಳು ತಾಗಿಸಿದಿರೋ ಹರಿಯಿತು. ಸುಮ್ಮನೆ ಬಿಟ್ಟರೆ ತಾನೇ ಚಪ್ಪಟೆಯಾಗಿ ಜೋಡುಗೆರೆಯೊಳಗೆ ಇಳಿಯುತ್ತದೆ. ಮರುದಿನ ಗುಳ್ಳೆ ಉಳಿದಿದ್ದರೆ ಸೂಜಿಮೊನೆಯಿಂದ ಚುಚ್ಚಿ ಮತ್ತೊಂದು ಹನಿ ಬಿಡಿ.

ಸ್ವಂತ ಮುದ್ರಿಸುವವರು ನೆನಪಿಡಬೇಕಾದ್ದು, ಮನೆಯ ಇಂಕ್‌ಜೆಟ್ ಬಿಳಿ ಬಣ್ಣ ಮುದ್ರಿಸುವುದಿಲ್ಲ. ಪಾರದರ್ಶಕ ಹಾಳೆಯಲ್ಲಿ ಅಚ್ಚಾದ ಮೈಬಣ್ಣ ಆಲಿವ್ ಹಸಿರಿನ ಮೇಲೆ ಮಾಯವಾಗುತ್ತದೆ. ಬಿಳಿ ಡೆಕಾಲ್ ಹಾಳೆ ಬಳಸಿ ಅಂಚಿಗೆ ಸರಿಯಾಗಿ ಕತ್ತರಿಸಿ. ನೀರಿಗೆ ಹಾಕುವ ಮೊದಲು ಮೂರು ತೆಳು ಪದರ ಕ್ಲಿಯರ್ ಹೊಡೆಯದಿದ್ದರೆ ಶಾಯಿ ಕದಡಿ ಹೋಗುತ್ತದೆ.

ಇನ್ನು ಮುಂದೆ ಇಂಥ ಮಾದರಿಗಳ ಚಿತ್ರ ಪ್ರಕಟಿಸುವಾಗ ಅಡಿಯಲ್ಲಿ ಮೂಲ ವಿಮಾನದ ಸೀರಿಯಲ್ ಸಂಖ್ಯೆ ಮತ್ತು ಮಾದರಿ ತೋರಿಸುವ ತಿಂಗಳು, ವರ್ಷ ಎರಡನ್ನೂ ಅಚ್ಚು ಹಾಕಬೇಕೆಂದು ವಿನಂತಿ.

– ಮಾದರಿ ವಿಮಾನ ಹವ್ಯಾಸಿ ಓದುಗ