ಗೆಳೆಯನಿಗೊಂದು ಪತ್ರ: ಕಡಲು ದಾಟಿ ಬಂದ ಕೈಗಳು

ಪ್ರಿಯ ಗೆಳೆಯಾ,

ಹಳೆಯ ಜಪಾನ್ ಎಲ್ಲವನ್ನೂ ಚೀನಾದಿಂದ ನಕಲು ಹೊಡೆಯಿತಂತೆ, ನಿಜವೇ ಎಂದು ಕೇಳಿದ್ದೀಯಲ್ಲ. ಆ ಮಾತಿನಲ್ಲಿ ಕೊರಿಯಾ ಬಿಟ್ಟುಹೋಗಿದೆ, ಜನರೂ ಬಿಟ್ಟುಹೋಗಿದ್ದಾರೆ. 815ರಲ್ಲಿ ಜಪಾನಿನ ಅರಮನೆ ರಾಜಧಾನಿ ಮತ್ತು ಸುತ್ತಲ ಪ್ರಾಂತ್ಯಗಳ ಮನೆತನಗಳ ಪಟ್ಟಿ ಮಾಡಿಸಿತು. ಶಿನ್‌ಸೆನ್ ಶೋಜಿರೋಕು ಅಂತ ಅದರ ಹೆಸರು. ಅದರಲ್ಲಿರುವ 1182 ಮನೆತನಗಳ ಪೈಕಿ 326 ಮನೆತನಗಳ ಮೂಲಪುರುಷರು ಕಡಲಾಚೆಯಿಂದ ಬಂದವರು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಾಯಿತು!

ಭತ್ತದಿಂದಲೇ ನೋಡು. ನೀರು ನಿಲ್ಲಿಸಿ ಬೆಳೆಯುವ ಗದ್ದೆ ಮೊದಲು ಕಾಣಿಸಿಕೊಳ್ಳುವುದು ಕೊರಿಯಾಕ್ಕೆ ಎದುರಾಗಿರುವ ಕ್ಯೂಶೂ ದ್ವೀಪದ ಉತ್ತರದಲ್ಲಿ, ಇಟಾಜುಕೆಯಂಥ ಕಡೆ. ಬದು, ಕಾಲುವೆ, ನೀರು ತಡೆಯುವ ಒಡ್ಡು ಎಲ್ಲವೂ ಒಟ್ಟಿಗೇ ಬಂದಿವೆ. ಜತೆಗೆ ಅರ್ಧಚಂದ್ರಾಕಾರದ ಕಲ್ಲಿನ ಕತ್ತಿ: ಎರಡು ತೂತು, ತೂತಿನಲ್ಲಿ ದಾರ, ದಾರದೊಳಗೆ ಬೆರಳು. ಅದರಿಂದ ಪೈರಿನ ಬುಡ ಕೊಯ್ಯುವುದಲ್ಲ, ತೆನೆಯನ್ನಷ್ಟೇ ಕತ್ತರಿಸುವುದು. ಆಗಿನ ಭತ್ತ ಒಂದೇ ಸಲಕ್ಕೆ ಮಾಗುತ್ತಿರಲಿಲ್ಲ, ಹಾಗಾಗಿ ಅದೇ ಅನುಕೂಲ. ಇದೇ ಕತ್ತಿ ಕೊರಿಯಾದ ನೆಲದಲ್ಲೂ ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಬಿಡಿಸಿ ಹೇಳಬೇಕೆನಿಸುವುದು ಮಡಕೆಯ ವಿಷಯ. 5ನೇ ಶತಮಾನದವರೆಗೆ ಜಪಾನಿನಲ್ಲಿ ಮಡಕೆಗಳನ್ನು ಬಯಲಿನಲ್ಲೇ ಸೌದೆ ಒಟ್ಟಿ ಸುಡುತ್ತಿದ್ದರು. ಬಿಸಿ 800 ಡಿಗ್ರಿ ದಾಟುವುದೇ ಕಷ್ಟ. ಬರುತ್ತಿದ್ದದ್ದು ಕೆಂಪಗಿನ, ನೀರು ಜಿನುಗುವ ಮಡಕೆ. ಆಗ ಕೊರಿಯಾದ ದಕ್ಷಿಣದ ಗಯಾ ನಾಡಿನ ಕಡೆಯಿಂದ ಬಂದ ಕುಂಬಾರರು ಗುಡ್ಡದ ಇಳಿಜಾರಿನಲ್ಲಿ ಸುರಂಗದಂಥ ಆವಿಗೆ ತೋಡಿದರು. ಕೆಳತುದಿಯಲ್ಲಿ ಉರಿ ಹಾಕುವ ಬಾಯಿ, ಮೇಲ್ತುದಿಯಲ್ಲಿ ಹೊಗೆಕಿಂಡಿ. ಇಳಿಜಾರೇ ಗಾಳಿಯನ್ನು ಎಳೆಯುವುದರಿಂದ ಬಿಸಿ 1000 ಡಿಗ್ರಿ ಮೀರುತ್ತದೆ. ಮೊದಲು ಸಣ್ಣ ಉರಿಯೇ ಇರಬೇಕು. ಅವಸರಪಟ್ಟರೆ ಮಣ್ಣಿನಲ್ಲಿ ಉಳಿದ ತೇವ ಆವಿಯಾಗಿ ಪಾತ್ರೆಯನ್ನೇ ಸಿಡಿಸುತ್ತದೆ. ಕೊನೆಯಲ್ಲಿ ಸೌದೆ ತುರುಕಿ ಎರಡೂ ಬಾಯಿ ಮುಚ್ಚಬೇಕು. ಉಸಿರುಕಟ್ಟಿದ ಬೆಂಕಿ ಮಣ್ಣಿನ ಕಬ್ಬಿಣದಲ್ಲಿರುವ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ, ಪಾತ್ರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಗಾಳಿ ನುಸುಳಿದರೆ ಕೆಂಪಾಗುತ್ತದೆ. ಇದೇ ಸುಎ ಪಾತ್ರೆ. ಒಸಾಕಾದ ದಕ್ಷಿಣದ ಗುಡ್ಡಗಳಲ್ಲಿ ಇಂಥ ಆವಿಗೆಗಳು ನೂರಾರು ಸಿಕ್ಕಿವೆ.

ಇಷ್ಟು ಗಟ್ಟಿ ಪಾತ್ರೆ ಬಂದರೂ ಹಳೆಯ ಕೆಂಪು ಮಡಕೆ ಮೂಲೆ ಸೇರಲಿಲ್ಲ. ಸುಎ ಪಾತ್ರೆಯನ್ನು ನೇರ ಉರಿಯ ಮೇಲಿಟ್ಟರೆ ಬಿರಿಯುತ್ತದೆ; ಸಣ್ಣ ರಂಧ್ರಗಳಿರುವ ಮೆದು ಮಡಕೆ ಬಿಸಿಯ ಹಿಗ್ಗು-ಕುಗ್ಗನ್ನು ತಾಳಿಕೊಳ್ಳುತ್ತದೆ. ಹಾಗಾಗಿ ಸಂಗ್ರಹಕ್ಕೆ, ಬಡಿಸಲು, ಸತ್ತವರ ಗೋರಿಯಲ್ಲಿಡಲು ಹೊಸದು, ಬೇಯಿಸಲು ಹಳೆಯದೇ. ಕಣ್ಣು ಮುಚ್ಚಿ ನಕಲು ಮಾಡುವವರ ಅಡುಗೆಮನೆ ಹೀಗಿರುತ್ತದೆಯೇ, ನೀನೇ ಹೇಳು.

ಬೌದ್ಧ ದೇವಾಲಯವೂ ಕೈಗಳ ಜೊತೆಗೇ ಬಂತು. 588ರಲ್ಲಿ ಕೊರಿಯಾದ ಪೆಕ್‌ಚೆ ರಾಜ್ಯ ಬಡಗಿಗಳನ್ನೂ ಹೆಂಚು ಮಾಡುವವರನ್ನೂ ಚಿತ್ರಕಾರನನ್ನೂ ಕಳಿಸಿದ ಮೇಲೆಯೇ ಜಪಾನಿನ ಅಸುಕಾದಲ್ಲಿ ಹೆಂಚಿನ ಮಾಡು ಎದ್ದದ್ದು.

ಚೀನೀ ಅಕ್ಷರಗಳಲ್ಲಿ ಜಪಾನಿ ಭಾಷೆಯನ್ನು ಬರೆಯುವ ಪಾಡು ಕನ್ನಡಿಗನಾದ ನಿನಗೆ ತಟ್ಟನೆ ಅರ್ಥವಾಗುತ್ತದೆ. ಜಪಾನಿ ವಾಕ್ಯ ನಮ್ಮದರ ಹಾಗೇ: ಕ್ರಿಯಾಪದ ಕೊನೆಗೆ, ಪ್ರತ್ಯಯ ನಾಮಪದದ ಬೆನ್ನಿಗೆ. 'ನಾನು ಪುಸ್ತಕವನ್ನು ಓದುತ್ತೇನೆ' ಎಂಬುದನ್ನು ಹಳೆಯ ಚೀನೀ ಭಾಷೆ 'ನಾನು, ಓದು, ಪುಸ್ತಕ' ಎಂದು ಮೂರೇ ಅಕ್ಷರದಲ್ಲಿ ಮುಗಿಸುತ್ತದೆ. 'ಅನ್ನು' ಬರೆಯುವುದೆಲ್ಲಿ, 'ಉತ್ತೇನೆ' ಬರೆಯುವುದೆಲ್ಲಿ? ಕೊರಿಯನ್ ಭಾಷೆಗೂ ಇದೇ ತೊಡಕಿತ್ತು. ಅಕ್ಷರದ ಅರ್ಥ ಬಿಟ್ಟು ಉಚ್ಚಾರವನ್ನಷ್ಟೇ ಬಳಸುವುದು ಒಂದು ಉಪಾಯ. ಇದಕ್ಕೊಂದು ಸಾಕ್ಷಿ, ಜಪಾನಿನ ಸೈತಾಮಾದ ಇನಾರಿಯಾಮ ಗೋರಿಯಲ್ಲಿ ಸಿಕ್ಕ 73.5 ಸೆಂ.ಮೀ. ಉದ್ದದ ಕಬ್ಬಿಣದ ಖಡ್ಗ. 1968ರಲ್ಲಿ ಅಗೆದು ತೆಗೆದರೂ ತುಕ್ಕಿನಡಿ ಏನೂ ಕಾಣಲಿಲ್ಲ. 1978ರಲ್ಲಿ ಎಕ್ಸ್‌ರೇ ಹಿಡಿದಾಗ ಚಿನ್ನದ ಎಳೆ ಕೂರಿಸಿದ 115 ಅಕ್ಷರಗಳು ಹೊಳೆದವು. ಸಾಮಾನ್ಯವಾಗಿ ಅದನ್ನು 471ರದ್ದೆಂದು ಎಣಿಸುತ್ತಾರೆ. ವಾಕ್ಯ ಚೀನೀ, ಆದರೆ ವಕತಕೆರು ಎಂಬ ಅರಸನ ಹೆಸರು ಬಂದಾಗ ಬರೀ ಉಚ್ಚಾರ.

ಇನ್ನೊಂದು ಉಪಾಯ, ಅಕ್ಷರ ಅವರದು, ಮಾತು ನಮ್ಮದು ಎನ್ನುವುದು. ಬೆಟ್ಟದ ಅಕ್ಷರವನ್ನು ಚೀನೀ ಜಾಡಿನಲ್ಲಿ 'ಸಾನ್' ಎಂದೂ ಸ್ವಂತ ಮಾತಿನಲ್ಲಿ 'ಯಾಮ' ಎಂದೂ ಇವತ್ತಿಗೂ ಓದುತ್ತಾರೆ. ಉಚ್ಚಾರಕ್ಕೆ ಬಳಸಿದ ಅಕ್ಷರಗಳು ಮುಂದೆ ಸವೆದು, ತುಂಡಾಗಿ ಕಾನಾ ಲಿಪಿಯಾದವು. 'ಕೂಡಿಸು' ಎಂಬರ್ಥದ ಅಕ್ಷರದ ಎಡ ಅರ್ಧವೇ ಕಾನಾದ ಒಂದು ಬಗೆಯಾದ ಕಟಕಾನಾದ 'ಕ'.

ಆ ಲಿಪಿಯನ್ನು ಮಕ್ಕಳು ಹೇಳುವ ಕ್ರಮ ಕೇಳು: ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ. ಸಂಸ್ಕೃತಕ್ಕಾಗಿ ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳ ಓದಿನಿಂದ, 11ನೇ ಶತಮಾನದ ಹೊತ್ತಿಗೆ ಮೂಡಿದ ಜೋಡಣೆ ಇದು. ನಮ್ಮ ವರ್ಣಮಾಲೆಯನ್ನು ಪಕ್ಕದಲ್ಲಿಟ್ಟು ಓದು. ಚ ಇರಬೇಕಾದಲ್ಲಿ ಸ, ಪ ಇರಬೇಕಾದಲ್ಲಿ ಹ. ನಮ್ಮ 'ಪಾಲು' 'ಹಾಲು' ಆಯಿತಲ್ಲ, ಅಲ್ಲಿಯೂ ಪಕಾರ ಹಾಗೇ ಹಕಾರವಾಯಿತು; ಕೂತ ಜಾಗ ಮಾತ್ರ ಮಕಾರದ ಪಕ್ಕದ್ದೇ.

ನಿನ್ನ ಗೆಳೆಯ