ಸೆರೆಸ್ ಕಲಿಸಿದ ಲೆಕ್ಕ

ಮಾನ್ಯರೇ,

ಕ್ಷುದ್ರಗ್ರಹವೆಂದರೆ ಭೂಮಿಗೆ ಬಡಿಯುವ ಬಂಡೆ ಎಂಬ ಭಯವನ್ನಷ್ಟೇ ಮಕ್ಕಳಲ್ಲಿ ತುಂಬುವುದು ಬೇಸರದ ಸಂಗತಿ. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಖಗೋಳಜ್ಞ ಪಿಯಾಜಿ ಕಂಡ ಮೊದಲ ಕ್ಷುದ್ರಗ್ರಹ ಸೆರೆಸ್, ಕೆಲವೇ ವಾರಗಳಲ್ಲಿ ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಒಂದು ವೀಕ್ಷಣೆಯಿಂದ ಸಿಗುವುದು ಎರಡು ಕೋನ ಮಾತ್ರ, ದೂರ ತಿಳಿಯದು. ಕಕ್ಷೆಗೆ ಆರು ಸಂಖ್ಯೆ ಬೇಕು. ಹಾಗಾಗಿ 24ರ ಹರೆಯದ ಜರ್ಮನ್ ಗಣಿತಜ್ಞ ಗೌಸ್ ಮೂರು ವೀಕ್ಷಣೆಗಳನ್ನು ಹಿಡಿದು ಲೆಕ್ಕ ಹಾಕಿದರು. ಅವರು ಹೇಳಿದ ಜಾಗದ ಹತ್ತಿರವೇ ಆ ಡಿಸೆಂಬರ್‌ನಲ್ಲಿ ಸೆರೆಸ್ ಮತ್ತೆ ಸಿಕ್ಕಿತು. ನೌಕೆಗಳ ಪಥ ಗುರುತಿಸಲು ಇಂದಿಗೂ ಅವರ ಕನಿಷ್ಠ ವರ್ಗ ವಿಧಾನವೇ (ವೀಕ್ಷಣೆಗಳ ಸಣ್ಣ ತಪ್ಪುಗಳ ನಡುವೆ ಎಲ್ಲಕ್ಕೂ ಚೆನ್ನಾಗಿ ಹೊಂದುವ ಪಥ ಹುಡುಕುವ ಲೆಕ್ಕ) ಬುನಾದಿ. 2015ರಲ್ಲಿ ನಾಸಾದ ಡಾನ್ ನೌಕೆ ಸೆರೆಸನ್ನೇ ಸುತ್ತತೊಡಗಿತು.

ಕಾಸರಗೋಡಿನ ಕನ್ನಡ ಶಾಲೆಗಳು ಇದನ್ನು ಮಾಡಿ ತೋರಿಸಬೇಕು. ಸುಮಾರು 15 ತಿಂಗಳಿಗೊಮ್ಮೆ ಸೆರೆಸ್ ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಬರುತ್ತದೆ. ಆಗ 50 ಮಿ.ಮೀ. ಬೈನಾಕ್ಯುಲರನ್ನು ಸ್ಟ್ಯಾಂಡಿಗೆ ಬಿಗಿದು, ಕಾಣುವ ಚುಕ್ಕಿಗಳನ್ನೆಲ್ಲ ಹಾಳೆಯಲ್ಲಿ ಗುರುತಿಸಿ. ಮೂರು ರಾತ್ರಿ ಬಿಟ್ಟು ಮತ್ತೆ ಗುರುತಿಸಿ. ಜರುಗಿದ ಚುಕ್ಕಿಯೇ ಸೆರೆಸ್. ಕೈಯಲ್ಲಿ ಹಿಡಿದರೆ ನಡುಕಕ್ಕೆ ಮಂಕು ಚುಕ್ಕಿಗಳು ತಪ್ಪಿಹೋಗುತ್ತವೆ. ಬೆಳದಿಂಗಳ ರಾತ್ರಿ ಬೇಡ. ಈ ಸರದಿ ಪತ್ತನಾಜೆ (ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ದಿನ) ಕಳೆದ ಮೇಲೆ ಬಂದರೆ ಮೋಡ ಬಿಡುವುದಿಲ್ಲ, ಮುಂದಿನ ಸರದಿಗೇ ಕಾಯಬೇಕು.

— ಖಗೋಳಾಸಕ್ತರು, ಬದಿಯಡ್ಕ, ಕಾಸರಗೋಡು